ಕೇರಮ್ಮನ ಬಾಣಂತನ

ಹಾವನ್ನೇ ಕೊರಳ ಹಾರ ಮಾಡಿಕೊಂಡ ಶಿವನಿಗೆ ಶರಣು. ಬುದ್ಧಿ ಇದ್ದವರನ್ನೂ ಇಲ್ಲದವರನ್ನೂ ಒಂದೇ ತೊಟ್ಟಿಲಲ್ಲಿ ತೂಗುವ ಸ್ವಾಮಿಗೆ ಶರಣು. ಇನ್ನು ಕತೆ ಕೇಳಿ.

ಒಂದೂರಲ್ಲಿ ರಾಚವ್ವ ಅಂತ ಒಬ್ಬಳು. ಅವಳಿಗೊಬ್ಬ ಮಗ, ಮುದ್ದಮಾದ. ಎತ್ತಿನಂಥ ಆಳು, ಬುದ್ಧಿಯನ್ನು ಮಾತ್ರ ದೇವರು ಆಮೇಲೆ ಕೊಡೋಣವೆಂದು ಎತ್ತಿಟ್ಟು ಮರೆತಿದ್ದ. ಅವನಿಗೆ ಹೆಣ್ಣು ಕೊಡುವವರೇ ಇಲ್ಲ!

ಅವರ ಮನೆಯಲ್ಲೊಂದು ಕೇರೆಹಾವು. ಇಲಿ ಹಿಡಿಯುತ್ತೆ, ಯಾರ ತಂಟೆಗೂ ಹೋಗದು. ತಾಯಿಮಗ ಅದನ್ನು ಕೇರಪ್ಪ ಅಂತ ಕರೆದು ಸಾಕಿಕೊಂಡಿದ್ದರು. ಒಂದು ದಿನ ನೋಡುತ್ತಾರೆ, ಮೂಲೆಯ ಹೊಟ್ಟಿನ ಕುಕ್ಕೆಯಲ್ಲಿ ಬೆಳ್ಳಗೆ ಮೊಟ್ಟೆಗಳು! ಸುತ್ತಿಕೊಂಡು ಮಲಗಿದ್ದಾನೆ ಕೇರಪ್ಪ!

"ಅಯ್ಯೋ ಶಿವನೇ, ಇವ ಕೇರಪ್ಪ ಅಲ್ಲ ಕಣ್ಲಾ, ಕೇರಮ್ಮ!" ರಾಚವ್ವ ಕೈಮುಗಿದಳು. "ಸ್ವಾಮಿ, ಒಂದು ಮೊಟ್ಟೆಯೂ ಒಡೀದಂಗೆ ಕಾಯ್ತೀನಿ. ನನ್ನ ಮಗನಿಗೊಂದು ಹೆಣ್ಣು ತೋರ್ಸು." ಹೊಲಕ್ಕೆ ಹೊರಡುತ್ತ ಮಗನಿಗೆ ಹೇಳಿದಳು: "ಮೊಟ್ಟೆ ಬೆಚ್ಚಗಿರ್ಬೇಕು, ನೋಡ್ಕೋ."

"ಹೂಂ ಕಣವ್ವ, ಹಂಗೇ ಮಾಡ್ತೀನಿ!"

ಕೇರಮ್ಮ ಇಲಿ ಹಿಡಿಯಲು ಹೋದದ್ದೇ ತಡ, ಮಾದ ಮೊಟ್ಟೆಗಳನ್ನೆಲ್ಲ ಎತ್ತಿ ಕಾವು ಕೂತ ಕೋಳಿಯ ಕೆಳಗಿಟ್ಟ. ಕೇರಮ್ಮ ಹುಡುಕಿಕೊಂಡು ಬಂದಳು. ಕೋಳಿ ಕಿರುಚಿಕೊಂಡು ಅಟ್ಟ ಹತ್ತಿತು!

"ಏನ್ಲಾ ಮಾಡ್ದೆ ಪೆದ್ದ ಮುಂಡೇದೇ!" ರಾಚವ್ವ ಮೊಟ್ಟೆಗಳನ್ನು ಒಂದೊಂದೇ ಕುಕ್ಕೆಗೆ ಸೇರಿಸಿದಳು. "ಹೆತ್ತ ತಾಯಿ ಹತ್ರಾನೇ ಇರ್ಬೇಕು. ಅವಳೀಗ ಬಾಣಂತಿ. ಬಾಣಂತೀನ ನೋಡ್ಕೊಂಡಂಗೆ ನೋಡ್ಕೋ."

"ಹೂಂ ಕಣವ್ವ, ಹಂಗೇ ಮಾಡ್ತೀನಿ!"

ಮಾರನೆಯ ದಿನ ಮಾದ ಹಂಡೆ ತುಂಬ ನೀರು ಕಾಯಿಸಿದ. ಹರಳೆಣ್ಣೆ ತಂದ. ಕೆಂಡಕ್ಕೆ ಸಾಂಬ್ರಾಣಿ ಹಾಕಿದ. ಕಿವಿಗೆ ಬಟ್ಟೆ ಕಟ್ಟೋಣವೆಂದರೆ ಕಿವಿಯೇ ಸಿಗಲಿಲ್ಲ! ಹೊಗೆಗೆ ಕೇರಮ್ಮ ಸರಸರ ಸೂರು ಹತ್ತಿದಳು. ಸಂಜೆಯಾದರೂ ಇಳಿಯಲಿಲ್ಲ.

"ಹಾವಿಗೆ ಎಣ್ಣೆನೀರು ಹಾಕ್ತಾರೇನ್ಲಾ! ಕುಕ್ಕೆ ಹತ್ರ ಯಾರೇ ಬರ್ಲಿ, ದೂರ ನಿಂತು ಕೈಮುಗೀಬೇಕು. ಪಿಟ್ಟೆನ್ನಬಾರದು!"

"ಹೂಂ ಕಣವ್ವ, ಹಂಗೇ ಮಾಡ್ತೀನಿ!"

ಆಮೇಲೆ ಕುಕ್ಕೆಯ ಹತ್ತಿರ ಬಂದದ್ದು ಮುಂಗುಸಿ! ಮಾದ ದೂರ ನಿಂತ. ಕೈಮುಗಿದ. ಪಿಟ್ಟೆನ್ನಲಿಲ್ಲ. ಕೇರಮ್ಮ ಬುಸುಗುಟ್ಟುತ್ತ ಅಡ್ಡ ನಿಂತಳು. ಅಷ್ಟರಲ್ಲಿ ರಾಚವ್ವ ಬಂದು ಪೊರಕೆ ಬೀಸಿದಳು, ಮೊಟ್ಟೆ ಉಳಿದವು.

"ಮುಂಗುಸಿಗೆ ಕೈಮುಗೀತೀಯೇನ್ಲಾ! ಕುಕ್ಕೆ ಹತ್ರ ಬಂದೋರ್ನ ಪೊರಕೇಲಿ ಹೊಡೆದು ಓಡಿಸ್ಬೇಕು!"

"ಹೂಂ ಕಣವ್ವ, ಹಂಗೇ ಮಾಡ್ತೀನಿ!"

ಸ್ವಾಮಿ ರಾಚವ್ವನ ಮೊರೆ ಕೇಳಿದ್ದ. ಪಕ್ಕದೂರಿನ ದೊಡ್ಡತಾಯವ್ವ ತನ್ನ ತಂಗಿಯ ಮಗಳಿಗೆ ಗಂಡು ನೋಡಲು ತಾನೇ ಹುಡುಕಿಕೊಂಡು ಬಂದಳು. ಕೂರಲು ಜಾಗ ನೋಡುತ್ತ ಮೂಲೆಗೆ ನಡೆದಳು. ಬಿತ್ತು ಬೆನ್ನಿಗೆ ಪೊರಕೆ!

ರಾಚವ್ವ ಅವಳ ಹಿಂದೆ ಊರಾಚೆಯವರೆಗೂ ಓಡಿ, ಕಾಲು ಹಿಡಿದು, ಇನ್ನೊಮ್ಮೆ ಬರಲು ಒಪ್ಪಿಸಿದಳು. ಮನೆಗೆ ಬಂದು ಗೋಳಾಡಿದಳು: "ಹೆಣ್ಣು ಕೊಡೋಕೆ ಬಂದೋರಿಗೆ ಪೊರಕೇನ! ಬಾ ತಾಯಿ ಅಂತ ಕೂರಿಸ್ಬೇಕು. ಅಕ್ಕಿಯೋ ಕಾಯಿಯೋ, ಕುಕ್ಕೇಲಿ ಏನಿದ್ರೆ ಅದನ್ನ ಮಡಿಲಿಗೆ ತುಂಬಿ ಕಳಿಸ್ಬೇಕು!"

"ಹೂಂ ಕಣವ್ವ, ಹಂಗೇ ಮಾಡ್ತೀನಿ!"

ದೊಡ್ಡತಾಯವ್ವ ಮತ್ತೆ ಬಂದಳು, ಹುಡುಗಿಯನ್ನೂ ಕರೆತಂದಳು. ರಾಚವ್ವ ಎಲೆಅಡಿಕೆ ತರಲು ಪಕ್ಕದ ಮನೆಗೆ ಓಡಿದಳು. ಮಾದ ಪೊರಕೆ ಮುಟ್ಟಲಿಲ್ಲ. "ಬಾ ತಾಯಿ" ಅಂದ, ಚಾಪೆ ಹಾಸಿದ. "ಎಷ್ಟು ಒಳ್ಳೇ ಹುಡುಗ!" ಅಂದಳು ದೊಡ್ಡತಾಯವ್ವ.

"ಮಡಿಲು ಒಡ್ಡು ತಾಯಿ."

ಅವಳು ಹಿಗ್ಗಿ, ಕಣ್ಣುಮುಚ್ಚಿ, ಸೆರಗು ಒಡ್ಡಿದಳು. ಮಾದ ಕುಕ್ಕೆಗೆ ಕೈ ಹಾಕಿ, ಬೊಗಸೆ ತುಂಬ ತುಂಬಿದ. ಮೊಟ್ಟೆಗಳೆಲ್ಲ ಅಂದು ಬೆಳಗ್ಗೆಯೇ ಮರಿಯಾಗಿದ್ದವು!

ಎಲೆಅಡಿಕೆ ಹಿಡಿದು ರಾಚವ್ವ ಬರುವಾಗ ಅಂಗಳದ ತುಂಬ ಹಾವಿನ ಮರಿ. ಬೀಗರು ಕಣ್ಣಿಗೇ ಕಾಣಲಿಲ್ಲ. ಒಂದು ಮೊಟ್ಟೆಯೂ ಒಡೆದು ಹಾಳಾಗಿರಲಿಲ್ಲ, ಹೆಣ್ಣನ್ನು ಸ್ವಾಮಿ ಹೊಸ್ತಿಲವರೆಗೂ ತಂದು ತೋರಿಸಿದ್ದ. ರಾಚವ್ವ, ಸ್ವಾಮಿ, ಇಬ್ಬರೂ ಮಾತಿಗೆ ತಪ್ಪಿರಲಿಲ್ಲ.

ರಾಚವ್ವ ಹಣೆ ಚಚ್ಚಿಕೊಂಡು ಕೂತಳು.

"ಅಳಬೇಡ ಕಣವ್ವ," ಅಂದ ಮಾದ, "ಹುಡುಗಿ ಪಾಲಿಂದು ಕುಕ್ಕೇಲೇ ಉಳಿದದೆ. ಓಡಿಹೋಗಿ ಕೊಟ್ಬರ್ತೀನಿ!"

ಕತೆ ಕೇಳಿದ ನಿಮ್ಮೆಲ್ಲರ ಮಡಿಲೂ ತುಂಬಲಿ: ಅಕ್ಕಿಯಿಂದ, ಕೊಬ್ಬರಿಯಿಂದ, ಮಕ್ಕಳ ನಗುವಿನಿಂದ. ತುಂಬುವ ಕೈ ಯಾರದೆಂದು ಕಣ್ಣುಬಿಟ್ಟು ನೋಡುವ ಬುದ್ಧಿಯನ್ನೂ ಸ್ವಾಮಿ ಕೊಡಲಿ.