ಬಲೆಯ ಗಂಟು

"ಬುದ್ಧೀ, ಯಾರಿಗೂ ಕೇಡು ಬಯಸದವಳಿಗೆ ಅವಳ ರಕ್ತವೇ ಹಗೆಯಾಗೋದು ಯಾಕೆ?" ಎಂದು ಗುರುಮಲ್ಲ ಮಠದ ಗುರುಗಳನ್ನು ಕೇಳಿದ.

ಅವನ ತಂಗಿ ದಾಕ್ಷಾಯಿಣಿಗೆ ಲೂಪಸ್ ಎಂಬ ಕಾಯಿಲೆ. ಮೈ ಕಾಯಬೇಕಾದ ಕಣಗಳೇ ಮೈಯನ್ನು ಹಾಳುಮಾಡುತ್ತಿವೆ, ಮೂತ್ರಪಿಂಡಗಳು ಸೋಲುತ್ತಿವೆ ಎಂದು ಡಾಕ್ಟರು ಹೇಳಿದ್ದರು. ಗುರುಮಲ್ಲ ಆಸ್ಪತ್ರೆಯಿಂದ ನೇರ ಮಠಕ್ಕೆ ಬಂದಿದ್ದ.

"ಏನು ತಿಂದೆ, ಯಾವ ಹರಕೆ ಮರೆತೆ ಅಂತ ದಿನಾ ಕೇಳ್ತಾ ಇದ್ದೀನಿ. ಬರೀ ಅಳ್ತಾಳೆ, ಬಾಯಿ ಬಿಡೋದಿಲ್ಲ" ಎಂದ.

"ಬಾಯಿ ಬಿಡೋಕೆ ಅವಳೇನು ಕಳ್ಳಿಯೇನಯ್ಯಾ? ಕೂತ್ಕೋ" ಎಂದು ಗದರಿದ ಗುರುಗಳು ಕತೆ ಹೇಳಿದರು.

ಒಂದು ಊರು. ಆ ಊರಿನ ಕಾವಲುಗಾರರ ಆಯುಧ ಬಲೆ. ಪ್ರತಿಯೊಬ್ಬನೂ ತನ್ನ ಬಲೆಯನ್ನು ತಾನೇ ಹೆಣೆದು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ. ಕಳ್ಳರ ಕೈ ಮೇಲಾಗಿ, ಇನ್ನು ತಾನು ಉಳಿಯುವುದಿಲ್ಲ ಎಂದು ಕಂಡಾಗ ಅದನ್ನು ಬೀಸಿ, ಅವರನ್ನು ಸಿಕ್ಕಿಸಿ, ತಾನೂ ಅದರೊಳಗೇ ಸಾಯುತ್ತಿದ್ದ. ಸತ್ತವನನ್ನೂ ಬಲೆಯನ್ನೂ ಕೂಡಲೇ ಎತ್ತಿ ಮಣ್ಣು ಮಾಡುವುದು ಅಲ್ಲಿನ ಪದ್ಧತಿ. ಅದಕ್ಕೆಂದೇ ಬೇರೆ ಜನ ಇದ್ದರು.

ಊರ ಹೊರಗೆ ಆ ಊರನ್ನೇ ಕಾಯುವ ಇನ್ನೊಂದು ಪಡೆ ಇತ್ತು. ಹಗೆಯ ಗುರುತು ಕಲಿತು, ಆ ಗುರುತು ಕಂಡಲ್ಲೆಲ್ಲ ಕಡಿಯುವುದು ಅವರ ಕೆಲಸ. ಪಾಪ, ನಿಷ್ಠೆಯ ಜನ. ಆದರೆ ಊರಿನ ಬಲೆಯನ್ನು ಅವರು ಎಂದೂ ಕಂಡವರಲ್ಲ. ಅವರು ಬರುವಷ್ಟರಲ್ಲಿ ಅದು ಮಣ್ಣು ಸೇರಿರುತ್ತಿತ್ತು.

ಒಂದು ವರ್ಷ ಕಾವಲುಗಾರರು ಸಾಲುಸಾಲಾಗಿ ಸತ್ತರು. ಎತ್ತುವವರ ಕೈ ಸಾಲಲಿಲ್ಲ. ಹೆಣಗಳೂ ಬಲೆಗಳೂ ಬೀದಿಯಲ್ಲೇ ಉಳಿದವು. ಹೊರಗಿನ ಪಡೆ ಬಂದು ನೋಡಿತು. ತಮ್ಮವರು ಬಲೆಯೊಳಗೆ ಸತ್ತು ಬಿದ್ದಿದ್ದಾರೆ. ಈ ಗಂಟು ಹಾಕಿದವರೇ ನಮ್ಮವರನ್ನು ಕೊಂದವರು ಎಂದುಕೊಂಡು ಅಳುತ್ತಲೇ ಆ ಗಂಟನ್ನು ಚೆನ್ನಾಗಿ ನೋಡಿ ನೆನಪಿಟ್ಟುಕೊಂಡರು.

ಅದು ಆ ಊರಿನವರೆಲ್ಲ ಹಾಕುತ್ತಿದ್ದ ಗಂಟು. ಬಾವಿಯ ಹಗ್ಗಕ್ಕೂ ಅದೇ, ಹಸು ಕಟ್ಟುವ ಹಗ್ಗಕ್ಕೂ ಅದೇ, ತೊಟ್ಟಿಲಿಗೂ ಅದೇ.

ಪಡೆಯವನೊಬ್ಬ ಒಂದು ಮನೆಗೆ ನುಗ್ಗಿ ತೊಟ್ಟಿಲಿನ ಮುಂದೆ ಕತ್ತಿ ಎತ್ತಿದ.

"ಅಯ್ಯೋ ಅಣ್ಣಾ, ಒಳಗೆ ನನ್ನ ಮಗು ಮಲಗಿದೆ ಕಣಣ್ಣಾ" ಎಂದು ತಾಯಿ ಅಡ್ಡ ಬಂದಳು.

"ಗಂಟು ನೋಡು ತಾಯಿ, ಹಗೆ ನಿನ್ನ ಮನೆಯೊಳಕ್ಕೇ ಬಂದುಬಿಟ್ಟಿದೆ. ನಿನ್ನ ಮಗುವನ್ನು ಉಳಿಸೋಕೇ ನಾನು ಬಂದಿರೋದು" ಎಂದು ಅವನು ತೊಟ್ಟಿಲಿನ ಹಗ್ಗ ಕಡಿದ.

ತಡೆಯಲು ಹೋದ ಕಾವಲುಗಾರರು ಬಲೆ ಬೀಸಿ ಸತ್ತರು. ಬೀದಿಯಲ್ಲಿ ಬಲೆಗಳು ಇನ್ನಷ್ಟು ಹೆಚ್ಚಿದವು. ಪಡೆಯವರ ಸಂಶಯ ಗಟ್ಟಿಯಾಯಿತು. ಕೊನೆಗೆ ಕೆರೆಯ ತೂಬಿಗೆ ಬಂದರು. ಊರಿನ ನೀರೆಲ್ಲ ಅಲ್ಲಿ ಕಟ್ಟಿದ್ದ ಬಲೆಯಲ್ಲಿ ಸೋಸಿಕೊಂಡು ಬರಬೇಕಿತ್ತು. ಅದನ್ನೂ ಕಡಿದು ಹಾಕಿದರು. ಕೊಳೆ ನೀರು ಮನೆಮನೆಗೆ ಹರಿಯಿತು.

ಹಿರಿಯರು ಪಡೆಯ ಕತ್ತಿ ಕಸಿದುಕೊಂಡರು. ಕಡಿಯುವುದು ಕಡಿಮೆಯಾಯಿತು. ಆದರೆ ಅದನ್ನೇ ಕಾಯುತ್ತಿದ್ದ ನಿಜವಾದ ಕಳ್ಳರು ಒಳನುಗ್ಗಿದರು. ಕತ್ತಿಯನ್ನು ಮತ್ತೆ ಅದೇ ಕೈಗಳಿಗೆ ಕೊಡಬೇಕಾಯಿತು. ಆ ಊರು ಹಾಗೆಯೇ ಸವೆಯಿತು.

ಗುರುಗಳು ಕತೆ ಮುಗಿಸಿದರು. ಗುರುಮಲ್ಲ ಕೇಳಿದ:

"ತಪ್ಪು ಯಾರದು ಬುದ್ಧೀ? ಸತ್ತವರದೋ, ಎತ್ತದೆ ಬಿಟ್ಟವರದೋ, ಕಡಿದವರದೋ?"

"ತಪ್ಪು ಯಾರದು ಅಂತ ಹುಡುಕೋಕೆ ಹೊರಟವರೇ ಅಲ್ಲವೇನಪ್ಪಾ, ಆ ಊರನ್ನು ಹಾಳುಮಾಡಿದ್ದು?"