ಸಿಗದ ಓಲೆಕಟ್ಟು

“ಗುರುಗಳೇ, ಹೊಟ್ಟೆಕಿಚ್ಚು ಪಡುವವನಿಗೆ ಬೇಕಾಗಿರುವುದಾದರೂ ಏನು?” ಎಂದು ಶಿಷ್ಯ ಕೇಳಿದ. ಅಂದು ಬೆಳಿಗ್ಗೆ ಜೊತೆಯವನೊಬ್ಬನನ್ನು ಎಲ್ಲರೂ ಹೊಗಳಿದ್ದರು. ಇವನಿಗೆ ಊಟ ಸೇರಿರಲಿಲ್ಲ.

ಗುರುಗಳು ಹೇಳತೊಡಗಿದರು.

ಒಂದು ವಿದ್ಯಾಪೀಠದಲ್ಲಿ ಒಬ್ಬ ಗ್ರಂಥಪಾಲಕನಿದ್ದ. ತಾಳೆಯೋಲೆಗಳಿಗೆ ಎಣ್ಣೆ ಸವರುತ್ತ, ಕಟ್ಟುಗಳಿಗೆ ಬಟ್ಟೆ ಸುತ್ತುತ್ತ ಅವನ ತಲೆ ನರೆತಿತ್ತು. ಯಾವ ಕಟ್ಟು ಎಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದ. ಬಿಡುವಾದಾಗ ಊರಿನ ಚರಿತ್ರೆ ಬರೆಯುತ್ತಿದ್ದ. ಅವನ ಜೀವವೆಲ್ಲ ಅದರಲ್ಲೇ ಇತ್ತು. ಊರ ದೊಡ್ಡ ಕೆರೆಯನ್ನು ಕಟ್ಟಿಸಿದ್ದು ಅರಸನಲ್ಲ, ಒಬ್ಬ ಹೂವಾಡಗಿತ್ತಿ ಎಂಬುದು ಅವನು ಕಂಡುಕೊಂಡ ಸಂಗತಿ. ಅದಕ್ಕಿದ್ದ ಆಧಾರ ಒಂದೇ ಒಂದು ಓಲೆಕಟ್ಟು.

ಹೀಗಿರಲು ಒಬ್ಬ ತರುಣ ವಿದ್ವಾಂಸ ಬಂದ. ಅವನೂ ಊರಿನ ಚರಿತ್ರೆಯನ್ನೇ ಬರೆಯಲು ಹೊರಟಿದ್ದ. ಚುರುಕಾಗಿದ್ದ, ವಿನಯವಂತನೂ ಆಗಿದ್ದ. ಗ್ರಂಥಪಾಲಕನಿಗೆ ಸಹಿಸಲಾಗದ್ದು ಅದೇ. ಸೊಕ್ಕಿನವನಾಗಿದ್ದರೆ ಬೈದು ಅಟ್ಟಬಹುದಿತ್ತು. ತಾನು ವರ್ಷಗಟ್ಟಲೆ ತಿಣುಕಿ ಓದಿದ್ದನ್ನು ನಿನ್ನೆ ಮೊನ್ನೆ ಕಣ್ಣುಬಿಟ್ಟ ಹುಡುಗ ತಿಂಗಳೊಪ್ಪತ್ತಿನಲ್ಲಿ ಓದಿ ಮುಗಿಸುವುದನ್ನು ಕಂಡು ಅವನ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು.

“ಅಯ್ಯಾ, ಕೆರೆಯ ಸಂಗತಿ ಹೇಳುವ ಕಟ್ಟೊಂದು ಇಲ್ಲಿದೆಯಂತೆ. ನೋಡಲು ಕೊಡುವಿರಾ?” ಎಂದು ತರುಣ ಕೇಳಿದ.

“ಇತ್ತಪ್ಪ. ಎಲ್ಲಿ ಸೇರಿಕೊಂಡಿದೆಯೋ, ಹುಡುಕಿದರೂ ಸಿಗುತ್ತಿಲ್ಲ” ಎಂದ ಗ್ರಂಥಪಾಲಕ. ಕಟ್ಟು ಅವನು ಒರಗಿ ಕುಳಿತ ಪೆಟ್ಟಿಗೆಯಲ್ಲೇ ಇತ್ತು.

ತರುಣ ನಂಬಿದ. ಕೆರೆ ಕಟ್ಟಿಸಿದವರು ಯಾರೆಂದು ತಿಳಿಯಲಿಲ್ಲ, ಆಧಾರದ ಕಟ್ಟು ಕಾಣೆಯಾಗಿದೆ ಎಂದು ಬರೆದು ತನ್ನ ಪುಸ್ತಕ ಮುಗಿಸಿದ. ವಿದ್ವಾಂಸರು ಬಾಯ್ತುಂಬ ಹೊಗಳಿದರು. ಕೆರೆಯ ಭಾಗ ಮಾತ್ರ ಬರಿದಾಗಿದೆ ಎಂದರು. ಆ ಮಾತು ಕೇಳಿ ಗ್ರಂಥಪಾಲಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮುಂದೆ ಗ್ರಂಥಪಾಲಕ ಬರೆದ ಚರಿತ್ರೆಯೂ ಪೀಠದ ವಿದ್ವಾಂಸರ ಸಭೆಗೆ ಬಂತು. ಆ ಪೀಠದಲ್ಲೊಂದು ಪದ್ಧತಿಯಿತ್ತು. ಹೊಸ ಮಾತು ಹೇಳುವವನು ಅದರ ಮೂಲ ಓಲೆಯನ್ನು ವ್ಯಾಸಪೀಠದ ಮೇಲಿಟ್ಟು ಓದಿ ತೋರಿಸಬೇಕು. ತೋರಿಸದಿದ್ದರೆ ಅದು ಬರೀ ಬುರುಡೆ ಎಂದೇ ಲೆಕ್ಕ. ಹೂವಾಡಗಿತ್ತಿಯ ಹೆಸರು ಬಂದೊಡನೆ ಸಭೆ ಆಧಾರ ಕೇಳಿತು. ಗ್ರಂಥಪಾಲಕ ಕಟ್ಟನ್ನು ಶಾಲಿನೊಳಗೆ ಇಟ್ಟುಕೊಂಡೇ ಬಂದಿದ್ದ. ಅದನ್ನು ತೆಗೆಯಲು ಕೈ ಹಾಕಿದ. ಎದುರಿಗೆ ಆ ತರುಣ ಎಲ್ಲರಿಗಿಂತ ಹೆಚ್ಚು ಆಸೆಯಿಂದ ಕತ್ತು ಚಾಚಿ ನೋಡುತ್ತಿದ್ದ. ಗ್ರಂಥಪಾಲಕ ಅವನ ಮುಖ ನೋಡಿದ. ಕೈಯನ್ನು ಹಿಂದಕ್ಕೆ ತೆಗೆದು, “ಆಧಾರವಿಲ್ಲ” ಎಂದು ಹೇಳಿ ಸಭೆಯಿಂದ ಹೊರಟುಹೋದ. ಅವನ ಜೀವಮಾನದ ಕೆಲಸವನ್ನು ಸಭೆ ಬುರುಡೆಯೆಂದು ಬದಿಗಿಟ್ಟಿತು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಕಳೆದ ಕಟ್ಟು ನಿನ್ನೆ ಸಿಕ್ಕಿತು ಎಂದಿದ್ದರೆ ಸಾಕಿತ್ತಲ್ಲ, ಗುರುಗಳೇ? ಯಾರೂ ಅನುಮಾನಪಡುತ್ತಿರಲಿಲ್ಲ. ಕೈಯಲ್ಲಿದ್ದದ್ದನ್ನು ಅವನೇಕೆ ತೋರಿಸಲಿಲ್ಲ?”

ಗುರುಗಳು ಹೇಳಿದರು: “ತೋರಿಸಿದ್ದರೆ ಆ ಹುಡುಗನ ಪುಸ್ತಕವೂ ಪೂರ್ಣವಾಗುತ್ತಿತ್ತಲ್ಲ.”