ಬಸವಗಲ್ಲಿನ ಬೆನ್ನು

ಹೊಳೆ ಬದಿಯ ಆ ಮಠದಲ್ಲಿ ಒಂದು ಪದ್ಧತಿ ಇತ್ತು. ದಿನಾ ಬೆಳಿಗ್ಗೆ ಒಬ್ಬರು ದಡದಲ್ಲಿ ನಿಂತು ನಡುಹೊಳೆಯಲ್ಲಿ ಮಲಗಿದ ಬಸವನಂತಿರುವ ಬಸವಗಲ್ಲನ್ನು ನೋಡಬೇಕು. ಕಲ್ಲಿನ ಬೆನ್ನು ಕಂಡರೆ ನೀರು ಮೊಣಕಾಲುದ್ದ, ಜನ ದಾಟಬಹುದು. ಕಾಣದಿದ್ದರೆ ಯಾರನ್ನೂ ಇಳಿಯಬಿಡುವಂತಿಲ್ಲ.

ಗುರುಗಳಿಗೆ ವಯಸ್ಸಾಗಿತ್ತು. ಆ ಕೆಲಸವನ್ನು ಶಿಷ್ಯ ಶಂಭಯ್ಯನಿಗೆ ಒಪ್ಪಿಸುವ ಮೊದಲು ಒಂದು ಮಾತು ಕೇಳಿದರು.

"ನನಗೆ ಗೊತ್ತು ಅಂತ ಯಾವಾಗ ಹೇಳಬಹುದು?"

ಶಂಭಯ್ಯ ಯಾವ ಉತ್ತರಕ್ಕೂ ತಡ ಮಾಡುವವನಲ್ಲ. "ನಂಬಿದ್ದು ನಿಜ ಇರಬೇಕು. ನಂಬೋದಕ್ಕೆ ಕಾರಣ ಇರಬೇಕು. ಅಷ್ಟಿದ್ದರೆ ಸಾಕು."

"ಹಾಗಾದರೆ ನಾಳೆ ನೀನೇ ನಿಲ್ಲು."

ಮರುದಿನ ಹೊಳೆಯ ಮೇಲೆ ಮಂಜು ಕವಿದಿತ್ತು. ಸಿದ್ಲಿಂಗವ್ವ ಎಂಬಾಕೆ ಜ್ವರ ಬಂದ ಕೂಸನ್ನು ಎತ್ತಿಕೊಂಡು ಬಂದಳು. ವೈದ್ಯರ ಮನೆ ಆಚೆ ದಡದಲ್ಲಿತ್ತು.

"ದಾಟಬಹುದೇನಪ್ಪಾ?"

ನಡುಹೊಳೆಯಲ್ಲಿ ಕರಿಯ ಬೆನ್ನೊಂದು ಕಂಡಿತು.

"ಧಾರಾಳವಾಗಿ ಹೋಗವ್ವ. ನೀರು ಮೊಣಕಾಲಿಗೆ ಬಂದರೆ ಹೆಚ್ಚು."

ಆಕೆ ಸೀರೆ ಎತ್ತಿ ಕಟ್ಟಿ ಇಳಿದಳು. ನೀರು ಮೊಣಕಾಲಿಗೇ ಬಂತು. ಆಚೆ ದಡ ಸೇರಿ ಕೈ ಬೀಸಿದಳು.

ಆಮೇಲೆ ಆ ಕರಿಯ ಬೆನ್ನು ಎದ್ದು, ಕಿವಿ ಒದರಿಕೊಂಡು ನಡೆದುಹೋಯಿತು. ಅದು ಎಮ್ಮೆ. ನಿಜವಾದ ಬಸವಗಲ್ಲು ಅದರ ಹಿಂದೆ ಮರೆಯಾಗಿತ್ತು.

ಶಂಭಯ್ಯ ಮರದಡಿ ಕೂತಿದ್ದ ಗುರುಗಳ ಬಳಿಗೆ ಓಡಿದ.

"ಈ ಕೆಲಸ ನನಗೆ ಬೇಡ ಗುರುಗಳೇ."

"ಯಾಕೆ? ಆಕೆ ದಾಟಿದಳಲ್ಲ?"

"ದಾಟಿದಳು."

"ನೀನು ಹೇಳಿದ್ದು ನಿಜವಾಯಿತು. ಹೇಳೋಕೆ ಕಾರಣವೂ ಇತ್ತು."

"ಇತ್ತು. ಆದರೆ ನನಗೆ ಗೊತ್ತಿರಲಿಲ್ಲ. ನೀರು ಎದೆಮಟ್ಟ ಇದ್ದಿದ್ದರೂ ಎಮ್ಮೆ ಬೆನ್ನು ಹಾಗೇ ಕಾಣುತ್ತಿತ್ತು. ಆಗಲೂ ಹೋಗವ್ವ ಅಂತಲೇ ಅನ್ನುತ್ತಿದ್ದೆ." ಅವನು ಆಚೆ ದಡದತ್ತ ನೋಡಿದ. "ಕೈಯಲ್ಲಿ ಕೂಸು ಬೇರೆ ಇತ್ತು."

ಅಷ್ಟರಲ್ಲಿ ಬುಟ್ಟಿ ಹೊತ್ತ ಮುದುಕನೊಬ್ಬ ಬಂದ.

"ದಾಟಬಹುದಾ ಸ್ವಾಮಿ?"

ಗುರುಗಳು ಶಂಭಯ್ಯನ ಕಡೆ ಬೆರಳು ತೋರಿಸಿದರು. ಮಂಜು ಕರಗಿ ಕಲ್ಲು ಈಗ ನಿಚ್ಚಳವಾಗಿ ಕಾಣುತ್ತಿತ್ತು.

"ಸ್ವಲ್ಪ ತಾಳು ಯಜಮಾನ, ನೋಡಿ ಬರ್ತೀನಿ" ಎಂದ ಶಂಭಯ್ಯ.

ಪಂಚೆ ಎತ್ತಿ ಕಟ್ಟಿ ತಾನೇ ನೀರಿಗಿಳಿದ. ನಡುಹೊಳೆಗೆ ಹೋಗಿ ಕಲ್ಲಿನ ಮೇಲೆ ಅಂಗೈ ಊರಿದ. ವಾಪಸು ಬಂದು ಮುದುಕನ ಬುಟ್ಟಿ ಹೊತ್ತು, ಕೈಹಿಡಿದು ದಾಟಿಸಿ ಬಂದ.

"ಗುರುಗಳೇ, ಈಗಲಾದರೂ ನನಗೆ ಗೊತ್ತು ಅನ್ನಬಹುದಾ?"

ಗುರುಗಳು ಅವನ ಪಂಚೆಯ ಅಂಚು ಹಿಂಡಿ ನೀರು ಇಳಿಸಿದರು.

"ಇವತ್ತಿನ ಮಟ್ಟಿಗೆ ಅನ್ನು. ನಾಳೆ ಮತ್ತೆ ಒದ್ದೆಯಾಗು. ಇನ್ನು ಈ ದಡ ನಿನ್ನದು."